ಸಾವಿರ ನಕಲು, ಒಂದೇ ಉಗ್ರಾಣ

ತಂತ್ರಾಂಶ ಬರೆಯುವವರು ತಮ್ಮ ಕಡತಗಳಲ್ಲಿ ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದನ್ನು ದಾಖಲಿಸಿಡಲು ಬಳಸುವ ವ್ಯವಸ್ಥೆಗೆ ಆವೃತ್ತಿ ನಿಯಂತ್ರಣ ಎಂದು ಹೆಸರು. ಇಂದು ಇವುಗಳಲ್ಲಿ ಅತ್ಯಂತ ಹೆಚ್ಚು ಬಳಕೆಯಲ್ಲಿರುವ ಗಿಟ್ ಅನ್ನು, ಅದುವರೆಗೆ ನೆಚ್ಚಿಕೊಂಡಿದ್ದ ಬಿಟ್‌ಕೀಪರ್ ಎಂಬ ಇಂಥದೇ ವ್ಯವಸ್ಥೆಯ ಉಚಿತ ಪರವಾನಗಿ ಕೈತಪ್ಪಿದಾಗ, ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ರೂಪಿಸಿದರು. ಕಡತಗಳನ್ನೂ ಅವುಗಳ ಇತಿಹಾಸವನ್ನೂ ಒಟ್ಟಿಗೆ ಇಟ್ಟುಕೊಂಡಿರುವ ಸಂಗ್ರಹವನ್ನು ರೆಪಾಸಿಟರಿ ಎನ್ನುತ್ತಾರೆ. ಗಿಟ್‌ನಲ್ಲಿ ಸಾಮಾನ್ಯವಾಗಿ ರೆಪಾಸಿಟರಿಯ ಪ್ರತಿಯೊಂದು ನಕಲೂ ಮೊದಲ ದಿನದಿಂದ ಇಂದಿನವರೆಗಿನ ಇಡೀ ಚರಿತ್ರೆಯನ್ನು ಹೊತ್ತಿರುತ್ತದೆ. 10 ಲಕ್ಷಕ್ಕೂ ಹೆಚ್ಚು ಬದಲಾವಣೆಗಳನ್ನು ಕಂಡಿರುವ ಲಿನಕ್ಸ್‌ನ ಕೇಂದ್ರಭಾಗವಾದ ಕರ್ನಲ್‌ನ ಇಂಥ ಒಂದು ನಕಲಿಗೇ ಗಿಗಾಬೈಟ್‌ಗಟ್ಟಲೆ ಜಾಗ ಬೇಕಾಗುವಾಗ, ಗಿಟ್‌ಹಬ್‌ನಂಥ ತಾಣದಲ್ಲಿ ಸಾವಿರಾರು ಜನ ‘ಫೋರ್ಕ್’ ಎಂಬ ಹೆಸರಿನಲ್ಲಿ ತಮ್ಮದೇ ನಕಲು ಮಾಡಿಕೊಂಡರೆ, ಬಹುಪಾಲು ಒಂದೇ ಆಗಿರುವ ಈ ಸರಕನ್ನು ಅಷ್ಟೂ ಬಾರಿ ಬೇರೆಬೇರೆಯಾಗಿ ಇಡಬೇಕೇ ಎಂಬ ಪ್ರಶ್ನೆ ಏಳುತ್ತದೆ.

ಉತ್ತರದ ಅರ್ಧ ಭಾಗ ಗಿಟ್‌ನ ರಚನೆಯಲ್ಲಿಯೇ ಅಡಗಿದೆ. ಗಿಟ್ ಪ್ರತಿಯೊಂದು ಕಡತದ ತಿರುಳನ್ನು ಎಸ್‌ಎಚ್‌ಎ-1 ಎಂಬ ಗಣಿತದ ಸೂತ್ರಕ್ಕೆ ಒಡ್ಡಿ 40 ಅಕ್ಷರ-ಅಂಕಿಗಳ ಒಂದು ಗುರುತನ್ನು ಪಡೆಯುತ್ತದೆ ಮತ್ತು ಆ ಗುರುತಿನ ಹೆಸರಿನಲ್ಲಿಯೇ ಅದನ್ನು ಸಂಗ್ರಹಿಸುತ್ತದೆ. ಕಡತಕ್ಕೆ ಯಾರು ಯಾವ ಹೆಸರಿಟ್ಟರು, ಅದು ಯಾವ ದೇಶದ ಕಂಪ್ಯೂಟರಿನಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತಿರುಳು ಒಂದೇ ಆಗಿದ್ದರೆ ಗುರುತೂ ಒಂದೇ. ಆದ್ದರಿಂದ ಒಂದು ರೆಪಾಸಿಟರಿಯೊಳಗೆ ಒಂದೇ ಕಡತ ನೂರು ಕಡೆ ಬಂದರೂ ಅದನ್ನು ನೂರು ವಸ್ತುಗಳೆಂದು ಗಿಟ್ ಎಣಿಸುವುದಿಲ್ಲ. ಎರಡು ರೆಪಾಸಿಟರಿಗಳ ನಡುವೆ ಮಾತ್ರ ಈ ಅನುಕೂಲ ತಾನಾಗಿ ಒದಗುವುದಿಲ್ಲ, ಏಕೆಂದರೆ ಒಂದರಲ್ಲಿ ಏನಿದೆಯೆಂದು ಇನ್ನೊಂದು ನೋಡುವುದೇ ಇಲ್ಲ.

ಹಾಗೆ ನೋಡುವಂತೆ ಮಾಡಲು ಗಿಟ್‌ನಲ್ಲಿರುವ ಏರ್ಪಾಡಿಗೆ ‘ಆಲ್ಟರ್ನೇಟ್ಸ್’ ಎಂದು ಹೆಸರು. ಅದು ಆಶ್ಚರ್ಯವಾಗುವಷ್ಟು ಸರಳ: ಇನ್ನೊಂದು ಸಂಗ್ರಹದ ವಿಳಾಸ ಬರೆದಿರುವ ಒಂದು ಪುಟ್ಟ ಪಠ್ಯ ಕಡತ, ಅಷ್ಟೆ. ಬೇಕಾದ ವಸ್ತು ತನ್ನಲ್ಲಿಲ್ಲದಿದ್ದರೆ ಗಿಟ್ ಆ ವಿಳಾಸದಲ್ಲಿ ಹುಡುಕುತ್ತದೆ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡು ಬಾವಿಯನ್ನು ಮಾತ್ರ ಒಂದೇ ಉಳಿಸಿಕೊಂಡಂಥ ವ್ಯವಸ್ಥೆಯಿದು. ಅಣ್ಣನ ಹಿತ್ತಿಲಲ್ಲಿರುವ ಆ ಬಾವಿಯನ್ನು ಅವನು ಮುಚ್ಚಿಸಿದ ದಿನ ತಮ್ಮನ ಮನೆಗೆ ನೀರಿಲ್ಲ. ಗಿಟ್ ಆಗಾಗ ತನ್ನ ಮನೆಯನ್ನು ತಾನೇ ಗುಡಿಸಿಕೊಳ್ಳುತ್ತದೆ, ಯಾವ ಶಾಖೆಗೂ (ಬದಲಾವಣೆಗಳ ಸಾಲಿಗೂ) ಸೇರದೆ ಉಳಿದ ವಸ್ತುಗಳನ್ನು ಸಾಮಾನ್ಯವಾಗಿ ಎರಡು ವಾರಗಳ ನಂತರ ಎಸೆಯುತ್ತದೆ, ಆದರೆ ತನ್ನಿಂದ ಸಾಲ ಪಡೆದವರು ಯಾರೆಂಬ ಪಟ್ಟಿ ಅದರ ಬಳಿ ಇರುವುದಿಲ್ಲ. ಈ ಬಗೆಯ ಹಂಚಿಕೆ ಅಪಾಯಕಾರಿಯಾಗಬಹುದೆಂದು ಗಿಟ್‌ನ ಕೈಪಿಡಿಯೇ ಎಚ್ಚರಿಸುತ್ತದೆ.

ಜಾಗ ಉಳಿಸುವುದಕ್ಕಿಂತ, ಯಾವುದನ್ನು ಯಾವಾಗ ಅಳಿಸಬಹುದೆಂದು ತಿಳಿಯುವುದೇ ಇಲ್ಲಿನ ನಿಜವಾದ ಕಷ್ಟ. ಅದನ್ನು ಅರಿತೇ ಗಿಟ್‌ಹಬ್, ಮೂಲ ರೆಪಾಸಿಟರಿ ಮತ್ತು ಅದರ ಫೋರ್ಕ್‌ಗಳ ಹಿಂದೆ, ಯಾರೊಬ್ಬರಿಗೂ ಸೇರದ ಒಂದು ಸಾಮಾನ್ಯ ಉಗ್ರಾಣವನ್ನಿಟ್ಟು, ಎಲ್ಲರೂ ಅದರಿಂದಲೇ ಪಡೆಯುವಂತೆ ಮಾಡಿತು. ಅದೇ ಬಗೆಯ ತಾಣವಾದ ಗಿಟ್‌ಲ್ಯಾಬ್ ಕೂಡ ‘ಆಬ್ಜೆಕ್ಟ್ ಪೂಲ್’ ಎಂಬ ಹೆಸರಿನಲ್ಲಿ ಇಂಥದೇ ಮಾರ್ಗವನ್ನು ಹಿಡಿದಿದೆ.

ಆದರೆ ಸಾಮಾನ್ಯ ಉಗ್ರಾಣಕ್ಕೂ ಅದರದೇ ತೊಡಕುಗಳಿವೆ. ಜಾಗ ಮಿಗಿಸಲು ಗಿಟ್ ಒಂದು ಕಡತವನ್ನು ಪೂರ್ತಿಯಾಗಿ ಇಡುವ ಬದಲು, ಅದನ್ನು ಹೋಲುವ ಇನ್ನೊಂದಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಇಡುವುದುಂಟು; ಇದಕ್ಕೆ ಡೆಲ್ಟಾ ಎನ್ನುತ್ತಾರೆ. ಎಲ್ಲರ ಸರಕೂ ಬೆರೆತಿರುವಲ್ಲಿ ಒಬ್ಬರ ಕಡತದ ಡೆಲ್ಟಾ ಮತ್ತೊಬ್ಬರ ಫೋರ್ಕ್‌ನಲ್ಲಿ ಮಾತ್ರ ಇರುವ ಕಡತವನ್ನು ಆಧರಿಸಿರಬಹುದು, ಮತ್ತು ಆ ಆಧಾರವನ್ನು ಕೇಳಿದವರಿಗೆ ಕಳುಹಿಸುವಂತಿಲ್ಲವಾದ್ದರಿಂದ ಸರ್ವರ್ ಪ್ರತಿಬಾರಿ ಲೆಕ್ಕವನ್ನು ಹೊಸದಾಗಿ ಮಾಡಬೇಕಾಗುತ್ತದೆ. ಒಂದು ಫೋರ್ಕ್‌ನ ವಸ್ತು ಅದರ ಹೊರಗಿನ ವಸ್ತುವನ್ನು ಆಧರಿಸದಂತೆ ಬೇಲಿ ಹಾಕುವ ‘ಡೆಲ್ಟಾ ಐಲ್ಯಾಂಡ್ಸ್’ ಎಂಬ ಉಪಾಯ 2018ರ ಗಿಟ್ 2.20ರಲ್ಲಿ ಸೇರಿತು. ಜಾಗ ತುಸು ಹೆಚ್ಚಾದರೂ ಸರ್ವರಿನ ಶ್ರಮ ಕಡಿಮೆಯಾಗುವ ಈ ವ್ಯಾಪಾರ ಲಾಭದ್ದೇ.

ಇನ್ನೊಂದು ತೊಡಕು ಸಾರ್ವಜನಿಕವಾಗಿಯೇ ಬಯಲಾಯಿತು. 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘದ ದೂರಿನ ಮೇಲೆ ಯೂಟ್ಯೂಬ್-ಡಿಎಲ್ ಎಂಬ ತಂತ್ರಾಂಶವನ್ನು ಗಿಟ್‌ಹಬ್ ತೆಗೆದುಹಾಕಿದಾಗ, ಇಂಥ ದೂರುಗಳನ್ನು ಗಿಟ್‌ಹಬ್ ಪ್ರಕಟಿಸುವ ರೆಪಾಸಿಟರಿಯ ವಿಳಾಸದಲ್ಲಿಯೇ ಆ ತಂತ್ರಾಂಶ ಕಾಣಿಸಿಕೊಂಡಿತು. ಯಾರೂ ಬೀಗ ಮುರಿದಿರಲಿಲ್ಲ. ಆ ರೆಪಾಸಿಟರಿಯ ಫೋರ್ಕ್‌ಗೆ ಸೇರಿಸಿದ ವಸ್ತು ಸಾಮಾನ್ಯ ಉಗ್ರಾಣಕ್ಕೆ ಬಂದು, ಗುರುತು ಬಲ್ಲವರಿಗೆ ಮೂಲದ ವಿಳಾಸದಿಂದಲೂ ಸಿಗುತ್ತಿತ್ತು. ತೆರೆದ ಈ ಬದಲಾವಣೆ ಈ ರೆಪಾಸಿಟರಿಯ ಯಾವ ಶಾಖೆಗೂ ಸೇರಿದ್ದಲ್ಲ ಎಂಬ ಎಚ್ಚರಿಕೆಯನ್ನು ಇಂಥ ಪುಟಗಳ ಮೇಲೆ ಗಿಟ್‌ಹಬ್ ಈಗ ತೋರಿಸುತ್ತದೆ.

ಆದ್ದರಿಂದ ಪಾಸ್‌ವರ್ಡನ್ನೋ ಗುಪ್ತ ಕೀಲಿಯನ್ನೋ ಅಚಾತುರ್ಯದಿಂದ ಸಾರ್ವಜನಿಕ ರೆಪಾಸಿಟರಿಗೆ ಏರಿಸಿದವರು, ಆ ಕಡತವನ್ನೋ ಇಡೀ ಫೋರ್ಕನ್ನೋ ಅಳಿಸಿ ಸುಮ್ಮನಾಗದೆ, ಮೊದಲು ಆ ಪಾಸ್‌ವರ್ಡನ್ನು ಬದಲಿಸಬೇಕು, ಕೀಲಿಯನ್ನು ರದ್ದುಪಡಿಸಬೇಕು.