ಮನಸ್ಸು ಕೇಳಿಸಿದರೆ ಯಾವ ಭಾಷೆಯಲ್ಲಿ?

ಸಿನಿಮಾ ಮುಗಿದು ಹೆಸರುಗಳು ಮೇಲೇರತೊಡಗಿದಾಗ ನಮ್ಮತ್ತೆ ಎಲೆಅಡಿಕೆ ಡಬ್ಬಿ ಮುಚ್ಚಿ, ‘ಇದರಲ್ಲೇನು ಹೊಸದು?’ ಅಂದರು.

ಪೊಂಗಲ್ ರಾತ್ರಿ. ಕೊಯಮತ್ತೂರಿನಲ್ಲಿ ಮನಶ್ಶಾಸ್ತ್ರ ಓದುತ್ತಿರುವ ನಾದಿನಿಯ ಮಗಳು ಹಬ್ಬಕ್ಕೆ ಬಂದವಳು, ಲ್ಯಾಪ್‌ಟಾಪನ್ನು ಟಿ.ವಿ.ಗೆ ಸಿಕ್ಕಿಸಿ ‘ವಾಟ್ ವಿಮೆನ್ ವಾಂಟ್’ ಹಾಕಿದ್ದಳು. 2000ದ ಡಿಸೆಂಬರಿನಲ್ಲಿ ಬಂದ ಇಂಗ್ಲಿಷ್ ಚಿತ್ರ. ನಾನ್ಸಿ ಮೇಯರ್ಸ್ ನಿರ್ದೇಶನ. ಮೆಲ್ ಗಿಬ್ಸನ್, ಹೆಲೆನ್ ಹಂಟ್ ಜೋಡಿ. ಅತ್ತೆಗೆ ಇಂಗ್ಲಿಷ್ ಬಾರದು, ಇವರಿಗೆ, ಎಂದರೆ ನನ್ನ ಗಂಡನಿಗೆ, ಅರ್ಧಂಬರ್ಧ. ಹುಡುಗಿ ಪಕ್ಕದಲ್ಲಿ ಕೂತು ಪ್ರತಿ ಮಾತನ್ನೂ ನಮ್ಮ ಕನ್ನಡಕ್ಕೆ ಇಳಿಸುತ್ತಿದ್ದಳು. ನಮ್ಮ ಕನ್ನಡ ಎಂದರೆ ಮೂರು ಮಾತಿಗೆ ಒಂದು ತಮಿಳು ಬೆರೆತ ದೇವಾಂಗದವರ ಕನ್ನಡ. ಮಗ್ಗ ಬಿಟ್ಟು ಎರಡು ತಲೆಮಾರಾಯಿತು, ಮಾತು ಬಿಟ್ಟಿಲ್ಲ. ನಾವಿರುವುದು ಕಾಂಗೇಯಂನಲ್ಲಿ. ಕಾಂಗೇಯಂ ಎಂದರೆ ನಿಮಗೆ ಎತ್ತು ನೆನಪಾಗಬಹುದು. ನಮ್ಮ ಮನೆಗೆ ಅನ್ನ ಹಾಕುವುದು ಕೊಬ್ಬರಿ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಷಿಕಾಗೋದ ಜಾಹೀರಾತು ಕಂಪನಿಯಲ್ಲಿ ನಿಕ್ ಎಂಬೊಬ್ಬ ಶೋಕಿಲಾಲ. ಹೆಂಗಸರ ಸಾಮಾನು ಹೇಗೆ ಮಾರಬೇಕೆಂದು ಅವನಿಗೆ ತಿಳಿಯದು, ಅದಕ್ಕೇ ಬಡ್ತಿ ತಪ್ಪಿ ಡಾರ್ಸಿ ಎಂಬ ಹೆಂಗಸು ಅವನ ಮೇಲೆ ಬಂದು ಕೂರುತ್ತಾಳೆ. ಒಂದು ರಾತ್ರಿ ಇವನು ಹೆಂಗಸರ ಲಿಪ್‌ಸ್ಟಿಕ್ಕು, ಕಾಲ್ಚೀಲವನ್ನೆಲ್ಲ ತಾನೇ ಹಾಕಿಕೊಂಡು ಪರೀಕ್ಷೆ ಮಾಡುತ್ತಿರುವಾಗ ಕೂದಲು ಒಣಗಿಸುವ ಯಂತ್ರದ ಸಮೇತ ಸ್ನಾನದ ತೊಟ್ಟಿಗೆ ಬಿದ್ದು ಶಾಕ್ ಹೊಡೆಸಿಕೊಳ್ಳುತ್ತಾನೆ. ಬೆಳಿಗ್ಗೆ ಎದ್ದರೆ ಎಲ್ಲ ಹೆಂಗಸರ ಮನಸ್ಸಿನ ಮಾತೂ ಕಿವಿಗೆ ಬೀಳತೊಡಗುತ್ತದೆ. ಮನೆಗೆಲಸದವಳದು, ಕಾಫಿ ಅಂಗಡಿಯ ಹುಡುಗಿಯದು, ಕೊನೆಗೆ ಒಂದು ಹೆಣ್ಣು ನಾಯಿಯದೂ. ಮೊದಲು ಹೆದರುತ್ತಾನೆ, ಆಮೇಲೆ ಅದನ್ನೇ ಬಂಡವಾಳ ಮಾಡಿಕೊಂಡು ಡಾರ್ಸಿಯ ತಲೆಯಲ್ಲಿ ಹುಟ್ಟಿದ ಐಡಿಯಾಗಳನ್ನು ಅವಳು ಬಾಯಿ ತೆರೆಯುವ ಮೊದಲೇ ತನ್ನದೆಂದು ಹೇಳಿಬಿಡುತ್ತಾನೆ. ನಡುವೆ ಪ್ರೀತಿಯೂ ಆಗುತ್ತದೆ. ಲೋಕದ ತುಂಬ ಸುಮಾರು 37 ಕೋಟಿ ಡಾಲರ್ ಗಳಿಸಿದ ಚಿತ್ರ ಇದು.

ಇಷ್ಟಕ್ಕೆ ಅತ್ತೆಯದು ‘ಇದರಲ್ಲೇನು ಹೊಸದು?’

ಯೋಚಿಸಿದರೆ ಅವರ ಮಾತಿನಲ್ಲಿ ಹುರುಳಿದೆ. ರಾತ್ರಿ ಏಳರಿಂದ ಹತ್ತರ ತನಕ ಅವರು ನೋಡುವ ಧಾರಾವಾಹಿಗಳಲ್ಲಿ ಯಾರ ತುಟಿಯೂ ಅಲ್ಲಾಡದೆ ಅರ್ಧ ಮಾತು ನಡೆದುಹೋಗುತ್ತದೆ. ಕ್ಯಾಮೆರಾ ಸೊಸೆಯ ಮುಖಕ್ಕೆ ಬರುತ್ತದೆ, ಅವಳ ಮನಸ್ಸಿನ ಮಾತು ನಮಗೆ ಕೇಳುತ್ತದೆ, ಎದುರಿಗೆ ನಿಂತ ಓರಗಿತ್ತಿಗೆ ಮಾತ್ರ ಕೇಳುವುದಿಲ್ಲ. ತಮಿಳಿನಲ್ಲಿ ಇದಕ್ಕೆ ‘ಮೈಂಡ್ ವಾಯ್ಸ್’ ಎಂಬ ಹೆಸರೇ ಬಿದ್ದಿದೆ. ಸಿನಿಮಾ ಹಾಸ್ಯದಿಂದ ಬೀದಿಗೆ ಇಳಿದ ಮಾತು. ಯಾರಾದರೂ ಬಾಯಿತಪ್ಪಿ ನಿಜ ಆಡಿದರೆ, ಮೈಂಡ್ ವಾಯ್ಸ್ ಎಂದುಕೊಂಡು ಜೋರಾಗಿ ಹೇಳಿಬಿಟ್ಟೆಯಾ ಎಂದು ಇಲ್ಲಿನ ಮಕ್ಕಳೂ ರೇಗಿಸುತ್ತಾರೆ.

ನಾನು ಶಾಲೆಯಲ್ಲಿ ಓದಿದ ನಾಟಕಗಳಲ್ಲಿ ಅದೇ ಸಂಗತಿ ಕಂಸದೊಳಗೆ ‘ಸ್ವಗತ’ ಎಂದು ಅಚ್ಚಾಗಿರುತ್ತಿತ್ತು. ಸಂಸ್ಕೃತ ನಾಟಕದವರು ಇನ್ನೂ ಖಚಿತವಾಗಿ ವಿಂಗಡಿಸಿಟ್ಟಿದ್ದರು. ತನಗೆ ತಾನೇ ಹೇಳಿಕೊಂಡದ್ದು ಸ್ವಗತ. ರಂಗದ ಮೇಲೆ ನಾಲ್ಕು ಜನರಿರುವಾಗ ಇಬ್ಬರೇ ಗುಟ್ಟಾಗಿ ಆಡಿಕೊಂಡರೆ ಅದು ಜನಾಂತಿಕ. ಆಗ ನಟ ಉಂಗುರದ ಬೆರಳು ಮಡಚಿ, ತ್ರಿಪತಾಕ ಹಸ್ತವನ್ನು ಅಡ್ಡ ಹಿಡಿಯುತ್ತಾನೆ. ಆ ಕೈ ಎದ್ದ ಕೂಡಲೇ ಮಿಕ್ಕ ಪಾತ್ರಗಳು ಕಿವುಡಾಗಬೇಕು, ಪ್ರೇಕ್ಷಕರ ಕಿವಿ ತೆರೆಯಬೇಕು. ಎರಡು ಸಾವಿರ ವರ್ಷದಿಂದ ನೋಡುಗರೆಲ್ಲ ಮೆಲ್ ಗಿಬ್ಸನ್ನರೇ. ಈ ಸಿನಿಮಾ ಮಾಡಿದ್ದು ಇಷ್ಟೇ: ನಮಗಿದ್ದ ಆ ಕಿವಿಯನ್ನು ಕಥೆಯೊಳಗಿನ ಒಬ್ಬನಿಗೆ ಕೊಟ್ಟುಬಿಟ್ಟಿತು.

1999ರಲ್ಲಿ, ಮದುವೆಗೆ ಕೆಲವೇ ದಿನ ಮುಂಚೆ, ಕೊಳ್ಳೇಗಾಲದಲ್ಲಿ ‘ಉಪೇಂದ್ರ’ ನೋಡಿದ್ದೆ. ಅಲ್ಲಿ ಇದರ ತಿರುಗುಮುರುಗು. ‘ನಾನು’ ಎಂಬ ಹೆಸರಿನ ನಾಯಕ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಲ್ಲೇ ಆಡುತ್ತಾನೆ. ಗಂಡಸರ ಕಡೆಯಿಂದ ಶಿಳ್ಳೆ. ಹೆಂಗಸರ ಸಾಲಿನಲ್ಲಿ ನನ್ನ ಚಿಕ್ಕಮ್ಮ, ‘ಇವನ ಹಂಗೆ ನಾವು ಒಂದು ದಿವಸ ಮಾತಾಡಿದ್ರೆ ಮನೇಲಿ ಇಟ್ಕೋತಾರಾ?’ ಎಂದದ್ದು ನೆನಪಿದೆ.

ಅತ್ತೆಯ ಇನ್ನೊಂದು ವಾದ ಶಿವನ್ಮಲೆಯದು. ಇಲ್ಲಿಂದ ತಿರುಪ್ಪೂರಿನ ದಾರಿಯಲ್ಲಿ ಸ್ವಲ್ಪ ದೂರ ಹೋದರೆ ಸುಬ್ರಹ್ಮಣ್ಯನ ಬೆಟ್ಟ. ಗುಡಿಯೊಳಗೆ ಒಂದು ಗಾಜಿನ ಪೆಟ್ಟಿಗೆ ಇದೆ, ‘ಆಂಡವನ್ ಉತ್ತರವು ಪೆಟ್ಟಿ’, ದೇವರ ಅಪ್ಪಣೆಯ ಪೆಟ್ಟಿಗೆ. ಯಾರೋ ಒಬ್ಬ ಭಕ್ತರ ಕನಸಿನಲ್ಲಿ ದೇವರು ಬಂದು ಇಂಥ ವಸ್ತು ಇಡು ಎನ್ನುತ್ತಾನೆ. ಅವರು ಬಂದು ತಿಳಿಸಿದರೆ, ದೇವರ ಮುಂದೆ ಹೂ ಇಟ್ಟು ಕೇಳಿ, ಒಪ್ಪಿಗೆ ಬಂದರೆ ಆ ವಸ್ತು ಪೆಟ್ಟಿಗೆಗೆ. ಮಣ್ಣು ಇಟ್ಟದ್ದುಂಟು, ನೀರು ಇಟ್ಟದ್ದುಂಟು. ಇನ್ನೊಬ್ಬರಿಗೆ ಇನ್ನೊಂದು ಕನಸು ಬೀಳುವವರೆಗೆ ಅದು ಅಲ್ಲೇ. ಇಟ್ಟ ವಸ್ತುವಿಗೆ ತಕ್ಕಂತೆ ಲೋಕದಲ್ಲಿ ಏನೋ ನಡೆಯುತ್ತದೆ ಎಂಬುದು ಜನರ ನಂಬಿಕೆ. ‘ಯಾರ ತಲೆಯೊಳಗೆ ಬೇಕಾದರೂ ಹೋಗಿ ಬರೋ ದೇವರು ಬೆಟ್ಟದ ಮೇಲೆ ಕೂತಿದ್ದಾನೆ. ಇವನಿಗೆ ಕರೆಂಟ್ ಹೊಡೀಬೇಕಾಯ್ತು’ ಎಂದರು ಅತ್ತೆ.

ಹುಡುಗಿ ನಕ್ಕು, ಮರಾಠಿಯವರು ನಿಮ್ಮ ದಾರಿಯನ್ನೇ ಹಿಡಿದಿದ್ದಾರೆ ಎಂದಳು. 2004ರಲ್ಲಿ ಕೇದಾರ್ ಶಿಂದೆ ಮಾಡಿದ ‘ಅಗ ಬಾಯಿ ಅರೇಚ್ಚಾ’ ಚಿತ್ರದಲ್ಲಿ ಸಂಜಯ್ ನಾರ್ವೇಕರ್‌ಗೆ ಹೆಂಗಸರ ಮನಸ್ಸು ಕೇಳುವುದು ಶಾಕಿನಿಂದಲ್ಲ, ದೇವಿಯ ಕೃಪೆಯಿಂದ. ಚೀನಾದವರು 2011ರಲ್ಲಿ ಆಂಡಿ ಲಾವ್, ಗಾಂಗ್ ಲೀ ಇಬ್ಬರನ್ನು ಹಾಕಿಕೊಂಡು ಮತ್ತೆ ತೆಗೆದರಂತೆ. 2019ರಲ್ಲಿ ಅಮೆರಿಕದವರೇ ಬುಡಮೇಲು ಮಾಡಿ ‘ವಾಟ್ ಮೆನ್ ವಾಂಟ್’ ಎಂದರು. ಅದರಲ್ಲಿ ತರಾಜಿ ಹೆನ್ಸನ್‌ಗೆ ಗಂಡಸರ ಮನಸ್ಸು ಕೇಳುತ್ತದೆ. ‘ಅದರಲ್ಲಿ ಕೇಳೋಕೆ ಏನಿರುತ್ತೆ?’ ಎಂದು ನಾನು ಅಂದೆ. ಇವರು ಅಷ್ಟು ಹೊತ್ತಿಗೆ ದಿಂಬಿಗೆ ಒರಗಿ ನಿದ್ದೆ ಹೋಗಿದ್ದರು. ಅದೇ ಅವರ ಅಭಿಪ್ರಾಯ ಎಂದು ಬರೆದುಕೊಂಡೆ.

ಹುಡುಗಿಗೆ ಸಿನಿಮಾ ಮೇಲೆ ಸಿಟ್ಟಿತ್ತು. ಡಾರ್ಸಿಯ ಐಡಿಯಾ ಕದ್ದವನಿಗೆ ಕೊನೆಯಲ್ಲಿ ಡಾರ್ಸಿಯೇ ಸಿಗುತ್ತಾಳಲ್ಲ, ಇದು ಯಾವ ನ್ಯಾಯ? ತಪ್ಪೊಪ್ಪಿಕೊಂಡರೆ ಆಯಿತೇ? ಅವಳಿಗೆ ಹಿಡಿಸಿದ್ದು ಒಂದೇ ಎಳೆ. ಆಫೀಸಿನಲ್ಲಿ ಫೈಲು ಹೊತ್ತು ತಿರುಗುವ ಎರಿನ್ ಎಂಬ ಹುಡುಗಿ ಇದ್ದಾಳೆ, ಯಾರೂ ತಿರುಗಿ ನೋಡದವಳು. ನಾನು ಇಲ್ಲದಿದ್ದರೆ ಯಾರಿಗಾದರೂ ಗೊತ್ತಾಗುತ್ತದೆಯೇ ಎಂಬಂಥ ಯೋಚನೆ ಅವಳೊಳಗೆ ಓಡುತ್ತಿರುತ್ತದೆ. ನಿಕ್ ಕೊನೆಗೆ ಅವಳನ್ನು ಹುಡುಕಿಕೊಂಡು ಮನೆಗೆ ಹೋಗುತ್ತಾನೆ. ಆ ಹೊತ್ತಿಗೆ ಅವನ ಶಕ್ತಿ ಹೋಗಿದೆ, ಕೇಳುವುದಕ್ಕೆ ಬರೀ ಮಾಮೂಲಿ ಕಿವಿ. ನಮ್ಮ ಹುಡುಗಿಯ ಗಂಟಲು ಅಲ್ಲಿ ಸ್ವಲ್ಪ ಕಟ್ಟಿತು. ಅತ್ತೆಯೂ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ನೋಡಿದರು.

ಹಬ್ಬ ಕಳೆದು ಕೊಬ್ಬರಿ ಕಳಕ್ಕೆ ಹೋದಾಗ ಈ ಕಥೆಯನ್ನು ಅಲ್ಲಿನ ಹೆಂಗಸರಿಗೆ ಹೇಳಿದೆ. ಕಾಂಗೇಯಂ ಸುತ್ತ ಇಂಥ ಕಳಗಳು ಬೇಕಾದಷ್ಟು. ಸಿಪ್ಪೆ ಸುಲಿದ ಕಾಯಿಯನ್ನು ಎರಡು ಹೋಳು ಮಾಡಿ ಸಿಮೆಂಟ್ ನೆಲದ ಮೇಲೆ ಬಾನಿಗೆ ಮುಖ ಮಾಡಿ ಹರಡುತ್ತಾರೆ. ಬಿಸಿಲಿಗೆ ತಿರುಳು ಚಿಪ್ಪಿನಿಂದ ಬಿಡಿಸಿಕೊಂಡ ಮೇಲೆ ಹೆಂಗಸರು ಸಾಲಾಗಿ ಕೂತು ಅದನ್ನು ಎಬ್ಬಿ ತೆಗೆದು, ಚಿಪ್ಪು ಒಂದು ಕಡೆ, ತಿರುಳು ಒಂದು ಕಡೆ ಹಾಕಿ ಮತ್ತೆ ಒಣಗಿಸುತ್ತಾರೆ. ಕೈ ನಿಲ್ಲುವುದಿಲ್ಲ, ಬಾಯಿಯೂ ನಿಲ್ಲುವುದಿಲ್ಲ. ಕಥೆ ಮುಗಿಯುವ ತನಕ ನಗುತ್ತಿದ್ದರು. ಆಮೇಲೆ ಎಲ್ಲರಿಗಿಂತ ಹಿರಿಯಾಕೆ ತಮಿಳಿನಲ್ಲಿ ಕೇಳಿದಳು: ‘ಆತ ಆ ಆಫೀಸಿನಲ್ಲಿ ಮೊದಲಾಳಿಯಾ?’

ಮೊದಲಾಳಿ ಅಲ್ಲ, ಆದರೆ ದೊಡ್ಡ ಕೆಲಸದಲ್ಲಿರುವವನು ಎಂದೆ.

‘ಹಾಗಾದರೆ ಬೇಡಮ್ಮಾ. ನಾವು ಇಲ್ಲಿ ಕೂತು ಯೋಚಿಸುವುದು ಯಜಮಾನರಿಗೆ ಕೇಳಿಸಿದರೆ ನಾಳೆಯಿಂದ ಕೆಲಸಕ್ಕೆ ಬಾ ಅನ್ನುತ್ತಾರಾ?’

ಯಜಮಾನರು ಎಂದರೆ ನನ್ನ ಗಂಡ. ಎಲ್ಲರೂ ನನ್ನ ಮುಖ ನೋಡಿದರು. ನಾನೂ ನಕ್ಕೆ, ಆದರೆ ಆಮೇಲೆ ಅವರೇನು ಯೋಚಿಸಿದರೋ ಎಂದು ಸಂಜೆಯ ತನಕ ತಲೆಗೆ ಹುಳ. ನನ್ನ ಮಟ್ಟಿಗೆ ಇಡೀ ಚಿತ್ರಕ್ಕೆ ಬಂದ ವಿಮರ್ಶೆಗಳಲ್ಲಿ ಇದೇ ಸರಿಯಾದದ್ದು. ಮನಸ್ಸು ಓದುವ ಪ್ರೇಮಕಥೆ ಮೇಲೆ ಕೂತವರಿಗೆ ತಮಾಷೆ. ಕೆಳಗೆ ಕೂತವರಿಗೆ, ಉಳಿದಿರುವ ಒಂದೇ ಬಾಗಿಲಿನ ಅಗುಳಿಯನ್ನೂ ಯಾರೋ ತೆಗೆದ ಹಾಗೆ.

ಇದನ್ನು ಫೋನಿನಲ್ಲಿ ಹೇಳಿದ್ದಕ್ಕೆ ಹುಡುಗಿ ತನ್ನ ಪಾಠದ ಕಡೆಯಿಂದ ಒಂದಿಷ್ಟು ಕೊಟ್ಟಳು. ಟೆಕ್ಸಸ್ಸಿನ ಆರ್ಲಿಂಗ್ಟನ್‌ನಲ್ಲಿ ವಿಲಿಯಂ ಇಕೀಸ್ ಎಂಬ ಪ್ರೊಫೆಸರು ಒಬ್ಬರ ಮನಸ್ಸು ಇನ್ನೊಬ್ಬರಿಗೆ ಎಷ್ಟು ತಿಳಿಯುತ್ತದೆ ಎಂಬುದನ್ನು ಅಳೆಯುವ ಉಪಾಯ ಕಂಡುಕೊಂಡರಂತೆ. ಇಬ್ಬರನ್ನು ಮಾತಿಗೆ ಬಿಟ್ಟು ವಿಡಿಯೊ ತೆಗೆಯುವುದು. ಆಮೇಲೆ ಒಬ್ಬೊಬ್ಬರಿಗೂ ಅದೇ ವಿಡಿಯೊ ತೋರಿಸಿ, ಇಲ್ಲಿ ನಿನ್ನ ಮನಸ್ಸಿನಲ್ಲಿ ಏನಿತ್ತು ಬರೆ ಎನ್ನುವುದು. ಅದೇ ಜಾಗದಲ್ಲಿ ಇನ್ನೊಬ್ಬರು ಊಹಿಸಬೇಕು. ಎರಡನ್ನೂ ಪಕ್ಕದಲ್ಲಿಟ್ಟು ಅಂಕ ಹಾಕಿದರೆ ಅಪರಿಚಿತರಿಗೆ ನೂರಕ್ಕೆ ಸುಮಾರು 20 ಬರುತ್ತದೆ. ಗಂಡಹೆಂಡಿರು, ಹಳೆಯ ಗೆಳೆಯರೂ 35ರ ಆಸುಪಾಸು ನಿಂತುಬಿಡುತ್ತಾರೆ. ಪಾಸಾಗುವುದಕ್ಕೇ ತಿಣುಕಾಟ.

ಹೆಂಗಸರಿಗೆ ಜಾಸ್ತಿ ಬರುತ್ತದೆ ಅಲ್ಲವೇ ಎಂದೆ. ಯಾವಾಗಲೂ ಇಲ್ಲವಂತೆ. ಇದು ನಿಮ್ಮ ಅರ್ಥಮಾಡಿಕೊಳ್ಳುವ ಶಕ್ತಿಯ ಪರೀಕ್ಷೆ ಎಂದು ಗೊತ್ತಾಗುವ ಹಾಗೆ ಮಾಡಿದರೆ ಮಾತ್ರ ಹೆಂಗಸರು ಮುಂದೆ. 2001ರಲ್ಲಿ ಆರೆಗಾನ್ ವಿಶ್ವವಿದ್ಯಾಲಯದ ಕ್ಲೈನ್ ಮತ್ತು ಹಾಜಸ್ ಎಂಬಿಬ್ಬರು ಸರಿಯುತ್ತರಕ್ಕೆ ದುಡ್ಡು ಕೊಡುತ್ತೇವೆ ಎಂದು ನೋಡಿದರು. ಅಂತರವೇ ಮಾಯ. ಗಂಡಸರೂ ಹೆಂಗಸರಷ್ಟೇ ಚೆನ್ನಾಗಿ ಊಹಿಸಿದರು.

ಅತ್ತೆಗೆ ಇದನ್ನು ವಿವರಿಸಿದೆ. ಅವರು ಮಗನ ಕಡೆ ತಿರುಗಿ ನೋಡಿದರು. ‘ಬರದೆ ಇರೋದಲ್ಲ, ಕೂಲಿ ಸಾಲ್ದು.’

ಇನ್ನು ನನ್ನ ಅಭಿಪ್ರಾಯ. ಸಿನಿಮಾ ನೋಡುವಷ್ಟು ಹೊತ್ತೂ ನನ್ನನ್ನು ಕಾಡಿದ್ದು ಭಾಷೆಯ ಪ್ರಶ್ನೆ. ನಿಕ್‌ನ ಊರಿನಲ್ಲಿ ಎಲ್ಲ ಹೆಂಗಸರೂ ಅವನಿಗೆ ತಿಳಿಯುವ ಇಂಗ್ಲಿಷಿನಲ್ಲೇ, ಅದೂ ಕರ್ತೃ ಕರ್ಮ ಕ್ರಿಯಾಪದ ಎಲ್ಲ ಸೇರಿಸಿ ಯೋಚಿಸುತ್ತಾರೆ. ಕಾಂಗೇಯಂ ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ತಂದು ನಿಲ್ಲಿಸಿದರೆ? ತಮಿಳು, ನಮ್ಮಂಥವರ ಕನ್ನಡ, ತೆಲುಗು, ಬನಿಯನ್ ಕಾರ್ಖಾನೆಗೆ ಬಂದ ಬಿಹಾರದ ಹುಡುಗಿಯರ ಹಿಂದಿ. ಅವನ ಶಕ್ತಿ ಹಾಗೇ ಇದ್ದು ಬರೀ ಗದ್ದಲ ಕೇಳುತ್ತದೆ. ನನ್ನ ಮನಸ್ಸೇ ಲೆಕ್ಕ ಹಾಕುವಾಗ ಕನ್ನಡ, ಚೌಕಾಸಿ ಮಾಡುವಾಗ ತಮಿಳು. ನಾನು ಹುಟ್ಟಿದ ಕೊಳ್ಳೇಗಾಲ 1956ರ ನವೆಂಬರ್ ಒಂದರ ತನಕ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ನಮ್ಮ ತಾತ ಕಡೆತನಕ ಕಾಗದದ ವಿಳಾಸ ಅಚ್ಚ ತಮಿಳಿನಲ್ಲಿ, ಒಳಗಿನ ಸಂಗತಿ ಕನ್ನಡದಲ್ಲಿ ಬರೆಯುತ್ತಿದ್ದರು. ಅಂಚೆಯವನಿಗೆ ಹೊರಗಿನದು ತಿಳಿದರೆ ಸಾಕಲ್ಲ.

ಮದುವೆಯಾಗಿ ದಿಂಬಂ ಘಾಟಿಯ 27 ತಿರುವು ಇಳಿದು ಬಂದ ಮೇಲೆ ನಾನು ಕಲಿತ ಮೊದಲ ಅನುಕೂಲ ಅದೇ. ಬೀದಿಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಕನ್ನಡ ಎಂದರೆ ಗಟ್ಟಿಯಾಗಿ ಆಡಬಹುದಾದ ಮೈಂಡ್ ವಾಯ್ಸ್. ನಾನೂ ನಾದಿನಿಯೂ ಎಷ್ಟು ಜನರ ಮುಖದ ಮುಂದೆಯೇ ಅವರನ್ನು ಆಡಿಕೊಂಡಿದ್ದೇವೋ ಲೆಕ್ಕವಿಲ್ಲ. ತ್ರಿಪತಾಕ ಹಸ್ತವೂ ಬೇಕಿರಲಿಲ್ಲ.

ಆರೇಳು ವರ್ಷದ ಹಿಂದೆ ಒಂದು ಸೀರೆ ಅಂಗಡಿಗೆ ಹೋಗಿದ್ದೆವು. ಅರಿಸಿನ ಬಣ್ಣದ ಹತ್ತಿ ಸೀರೆ, ಹಸಿರಂಚು. ಅಂಗಡಿಯವರು ತಮಿಳಿನಲ್ಲಿ ಸಾವಿರದ ನಾನೂರು ಎಂದರು. ನಾನು ನಾದಿನಿಗೆ ಕನ್ನಡದಲ್ಲಿ, ‘ಒಂಬೈನೂರಕ್ಕೆ ಮೇಲೆ ಬಾಳಲ್ಲ. ಬೋಳುತಲೆ ಒಳ್ಳೇ ಕಿಲಾಡಿ, ಎದ್ದು ಹೋಗೋ ಹಂಗೆ ಮಾಡು, ತಾನಾಗಿ ಇಳೀತಾನೆ’ ಎಂದೆ. ಅವಳು ಚೀಲ ಎತ್ತಿಕೊಂಡಳು. ಅವರು ಸೀರೆಯ ಮಡಿಕೆ ನೀವುತ್ತಾ, ತಲೆ ಎತ್ತದೆ, ನಮ್ಮದಕ್ಕಿಂತ ಒಳ್ಳೆಯ ಕನ್ನಡದಲ್ಲಿ ಹೇಳಿದರು: ‘ಕೂತ್ಕೊಳ್ಳಿ ಅಕ್ಕ. ಕೂದಲು ಉದುರಿದ್ದು ವ್ಯಾಪಾರದಲ್ಲೇ.’

ಅವರೂ ದೇವಾಂಗದವರು, ಸತ್ಯಮಂಗಲದ ಕಡೆಯವರು. ನಾದಿನಿ ನನ್ನ ಬೆನ್ನ ಹಿಂದೆ ಅವಿತಳು. ನಾನು ಬಾಯಿ ಬಿಡದೆ ಸಾವಿರದ ನಾನೂರು ಎಣಿಸಿಕೊಟ್ಟೆ.

ಆಮೇಲೂ ಆ ಅಂಗಡಿ ಬಿಟ್ಟಿಲ್ಲ. ಈಗ ಅಲ್ಲಿ ನಮ್ಮದು ಬರೀ ಕಣ್ಣಿನ ಮಾತು. ಹಿಡಿಸದಿದ್ದರೆ ನಾದಿನಿ ನನ್ನ ಕಾಲು ತುಳಿಯುತ್ತಾಳೆ, ಹಿಡಿಸಿದರೆ ಸೆರಗು ಸರಿಮಾಡಿಕೊಳ್ಳುತ್ತಾಳೆ. ಪೊಂಗಲ್ ಆದ ವಾರ ಹೋಗಿದ್ದಾಗಲೂ ಹಾಗೇ ಒಂದು ಸೀರೆಯ ಮುಂದೆ ಐದು ನಿಮಿಷ ಮೂಕರ ಹಾಗೆ ಕೂತಿದ್ದೆವು. ಅವರು ನನ್ನನ್ನು ನೋಡಿದರು, ಅವಳನ್ನು ನೋಡಿದರು, ಗಲ್ಲಾಪೆಟ್ಟಿಗೆಯ ಮೇಲಿದ್ದ ಕ್ಯಾಲ್ಕುಲೇಟರನ್ನು ಹತ್ತಿರಕ್ಕೆ ಎಳೆದುಕೊಂಡರು.

‘ಕೇಳಿಸ್ತು ಬಿಡಿ ಅಕ್ಕ. ಇನ್ನೂರು ಕಡಿಮೆ ಮಾಡ್ಕೋತೀನಿ.’

ನಾನು ಮನಸ್ಸಿನಲ್ಲಿ ಅಂದುಕೊಂಡದ್ದು ನೂರೈವತ್ತು.