ಬೆಂಕಿಬಂಡಿ ಏರಿ ಬೆಂಕಿಬೆಟ್ಟಕ್ಕೆ

2017ರ ನವೆಂಬರ್ 27ರ ಬೆಳಿಗ್ಗೆ ಇಂಡೊನೇಷ್ಯದ ಬಾಲಿ ದ್ವೀಪದ ವಿಮಾನ ನಿಲ್ದಾಣ ಮುಚ್ಚಿತು. ಕಾರಣ ಮುಷ್ಕರವಲ್ಲ, ಯುದ್ಧವೂ ಅಲ್ಲ. ಅಲ್ಲಿಂದ ಸುಮಾರು 60 ಕಿ.ಮೀ. ದೂರದ ಅಗುಂಗ್ ಎಂಬ ಬೆಟ್ಟ ಬೂದಿ ಉಗುಳತೊಡಗಿತ್ತು. ಎರಡು ದಿನಕ್ಕೂ ಹೆಚ್ಚು ಕಾಲ ಒಂದು ವಿಮಾನವೂ ಮೇಲೇಳಲಿಲ್ಲ. ಕಡಲಸ್ನಾನ ಮುಗಿಸಿ ಊರಿಗೆ ಹೊರಟಿದ್ದ ಹತ್ತಾರು ಸಾವಿರ ಪ್ರವಾಸಿಗರು ಸಿಕ್ಕಿಬಿದ್ದರು. ಅವರಲ್ಲಿ ಅನೇಕರನ್ನು ಪಾರುಮಾಡಿದ್ದು ಯಾವುದು ಗೊತ್ತೆ? ಬಸ್ಸು ಮತ್ತು ಹಡಗು! ಬಸ್ಸಿನಲ್ಲಿ ದ್ವೀಪದ ಪಶ್ಚಿಮ ತುದಿಗೆ, ಅಲ್ಲಿಂದ ಬಸ್ಸಿನ ಸಮೇತ ಹಡಗೇರಿ ಜಾವಾ ದ್ವೀಪಕ್ಕೆ, ಮತ್ತೆ ರಸ್ತೆ ಹಿಡಿದು ಸುರಬಾಯ ನಗರದ ವಿಮಾನ ನಿಲ್ದಾಣಕ್ಕೆ.

ಸಂಕಟದಲ್ಲಿ ಅವರು ಹಿಡಿದ ಅದೇ ದಾರಿಯನ್ನು ಸಂತೋಷದಿಂದ ಹಿಡಿದರೆ, ಜ್ವಾಲಾಮುಖಿ, ಕಡಲ ತೀರ, ಊರ ಜನರ ಬಸ್ಸು–ರೈಲು ಮೂರೂ ಕೂಡಿದ ಪ್ರವಾಸವೊಂದು ತಾನಾಗಿ ಸಿದ್ಧವಾಗುತ್ತದೆ. ಬೆಂಗಳೂರಿನಿಂದ ಬಾಲಿಗೆ 2024ರಲ್ಲಿ ನೇರ ವಿಮಾನ ಆರಂಭವಾದ ಮೇಲೆ ಕನ್ನಡನಾಡಿನ ಕುಟುಂಬಗಳೂ ಅತ್ತ ಹೋಗಿಬರುತ್ತಿವೆ. ಆದರೆ ಹೆಚ್ಚಿನವರು ದಕ್ಷಿಣದ ಹೋಟೆಲಿನಲ್ಲಿ ತಂಗಿ, ಬಾಡಿಗೆ ಕಾರಿನಲ್ಲಿ ಸುತ್ತಿ, ಚಿತ್ರ ತೆಗೆದುಕೊಂಡು ಮರಳುತ್ತಾರೆ. ಭೂಗೋಳ ಪಾಠದ ಅರ್ಧ ಪುಸ್ತಕವೇ ಎದುರಿಗೆ ತೆರೆದಿದ್ದರೂ ಮಕ್ಕಳು ಅದನ್ನು ಓದದೆ ಬಂದಂತಾಗುತ್ತದೆ.

ಬೆಟ್ಟಕ್ಕೆ ಬೆಂಕಿ ಎಲ್ಲಿಂದ?

ಇಂಡೊನೇಷ್ಯದಲ್ಲಿ ಜೀವಂತ ಜ್ವಾಲಾಮುಖಿಗಳು ಸುಮಾರು 130. ಸುಮಾತ್ರ, ಜಾವಾ, ಬಾಲಿ ದ್ವೀಪಗಳ ಬೆನ್ನ ಮೇಲೆ ಅವು ಮಣಿಸರದಂತೆ ಸಾಲಾಗಿ ನಿಂತಿರುವುದು ಆಕಸ್ಮಿಕವಲ್ಲ. ಜಾವಾದ ದಕ್ಷಿಣಕ್ಕೆ ಸಾಗರದ ತಳದಲ್ಲಿ ಆಸ್ಟ್ರೇಲಿಯಾ ಕಡೆಯ ಭೂಫಲಕ ಏಷ್ಯಾ ಕಡೆಯ ಫಲಕದ ಅಡಿಗೆ ನುಸುಳುತ್ತಿದೆ. ವೇಗ ವರ್ಷಕ್ಕೆ ಆರೇಳು ಸೆಂಟಿಮೀಟರ್, ನಮ್ಮ ಉಗುರು ಬೆಳೆಯುವುದಕ್ಕಿಂತ ಹೆಚ್ಚು. ನುಸುಳುವ ಫಲಕ ಸಾಗರದ ನೀರನ್ನೂ ತನ್ನ ಖನಿಜಗಳಲ್ಲಿ ಹೊತ್ತು ಒಯ್ಯುತ್ತದೆ. ಸುಮಾರು 100 ಕಿ.ಮೀ. ಆಳದಲ್ಲಿ ಆ ನೀರು ಹೊರಬಿದ್ದು ಮೇಲಿನ ಬಿಸಿ ಶಿಲೆಯನ್ನು ಸೇರುತ್ತದೆ. ಉಪ್ಪು ಬಿದ್ದ ಮಂಜುಗಡ್ಡೆ ಬೇಗ ಕರಗುವುದಿಲ್ಲವೆ? ಹಾಗೆಯೇ ನೀರು ಸೇರಿದ ಶಿಲೆಯೂ ಕಡಿಮೆ ಉಷ್ಣತೆಯಲ್ಲೇ ಕರಗುತ್ತದೆ. ಕರಗಿದ್ದು ಹಗುರ, ಮೇಲೇರುತ್ತದೆ. ಬೆಂಕಿಗೆ ನೀರೇ ಕಾರಣ ಎಂದರೆ ಮಕ್ಕಳು ಮೊದಲು ನಂಬುವುದಿಲ್ಲ!

ಈ ಸರದ ವಾಯವ್ಯ ತುದಿಯ ಮಣಿ ನಮ್ಮದೇ. ಅಂಡಮಾನಿನ ಬ್ಯಾರನ್ ದ್ವೀಪ ಶತಮಾನಕ್ಕೂ ಮೀರಿದ ಮೌನದ ನಂತರ 1991ರಲ್ಲಿ ಎಚ್ಚರಗೊಂಡಿತು. ಆದರೆ ಅಲ್ಲಿ ಪ್ರವಾಸಿಗರು ಇಳಿಯುವಂತಿಲ್ಲ.

ಮೊದಲು ಬೆಟ್ಟ, ಆಮೇಲೆ ಕಡಲು

ಪ್ರವಾಸದ ಪಟ್ಟಿ ಹಾಕುವವರು ಸಾಮಾನ್ಯವಾಗಿ ಮೊದಲು ಕಡಲ ತೀರದಲ್ಲಿ ದಣಿವಾರಿಸಿಕೊಂಡು ಆಮೇಲೆ ಬೆಟ್ಟಕ್ಕೆ ಹೊರಡುತ್ತಾರೆ. ಇದು ತಿರುವುಮುರುವು ಆಗಬೇಕು. ಕಡಲು ಎಲ್ಲೂ ಹೋಗದು. ಬೆಟ್ಟ ಮಾತ್ರ ಯಾವ ದಿನ ಬಾಗಿಲು ಹಾಕುತ್ತದೋ ಹೇಳಲಾಗದು. ಬೆಟ್ಟವನ್ನು ಮುಂದಿಟ್ಟುಕೊಂಡು, ಎರಡು ದಿನ ಯಾವ ಕೆಲಸಕ್ಕೂ ಕೊಡದೆ ಖಾಲಿ ಉಳಿಸಿಕೊಂಡರೆ, ಒಂದು ದಾರಿ ಮುಚ್ಚಿದರೂ ಇನ್ನೊಂದು ಹಿಡಿಯಲು ಸಮಯವಿರುತ್ತದೆ. ರಜೆ ಹತ್ತು ದಿನವಾದರೆ ಎಂಟು ದಿನದ ಕಾರ್ಯಕ್ರಮ ಸಾಕು. ಕಾಸು ಕೊಟ್ಟ ಮೇಲೆ ದಿನ ಖಾಲಿ ಬಿಡುವುದು ನಮ್ಮ ಜಾಯಮಾನಕ್ಕೆ ಒಗ್ಗದ ಸಂಗತಿ, ನಿಜ. ಆದರೂ ಬಿಡಬೇಕು.

ಬೆಟ್ಟದ ಮಾತು ಕೇಳುವುದು ಹೇಗೆ? ಅಲ್ಲಿಯ ಜ್ವಾಲಾಮುಖಿ ಇಲಾಖೆ ಪ್ರತಿ ಬೆಟ್ಟಕ್ಕೂ ನಾಲ್ಕು ಹಂತಗಳಲ್ಲಿ ಎಚ್ಚರಿಕೆ ಪ್ರಕಟಿಸುತ್ತದೆ: ನಾರ್ಮಲ್, ವಸ್ಪಾದ, ಸಿಯಾಗ, ಆವಾಸ್. ಒಂದನೆಯದು ಶಾಂತ, ನಾಲ್ಕನೆಯದು ಅಪಾಯ. ಹಂತದ ಜೊತೆಗೆ ಇಷ್ಟು ಕಿಲೋಮೀಟರ್ ಒಳಗೆ ಹೋಗಬೇಡಿ ಎಂಬ ಸೂಚನೆಯೂ ಇರುತ್ತದೆ. ಹಂತಕ್ಕಿಂತ ಆ ಸೂಚನೆಯೇ ಮುಖ್ಯ. 2023ರ ಡಿಸೆಂಬರಿನಲ್ಲಿ ಸುಮಾತ್ರದ ಮರಾಪಿ ಬೆಟ್ಟ ಸಿಡಿದು 24 ಮಂದಿ ಸತ್ತಾಗ ಅಲ್ಲಿದ್ದುದು ಬರೀ ಎರಡನೆಯ ಹಂತ. ಆದರೆ ಬಾಯಿಯಿಂದ ಮೂರು ಕಿ.ಮೀ. ಒಳಗೆ ಹೋಗಬಾರದೆಂಬ ಸೂಚನೆ ಮೊದಲೇ ಇತ್ತು. ಚಾರಣಿಗರು ತುದಿಯವರೆಗೂ ಹತ್ತಿದ್ದರು. ಎಲ್ಲರೂ ಹೋಗುತ್ತಾರೆ ಎಂಬುದು ಸುರಕ್ಷತೆಯ ಪುರಾವೆಯಲ್ಲ.

ಇನ್ನು ಆಕಾಶದ ಮಾತು. ಬೂದಿ ಕಂಡ ಕೂಡಲೇ ವಿಮಾನ ನಿಲ್ಲಿಸುವುದನ್ನು ಅತಿ ಎಚ್ಚರಿಕೆ ಎಂದು ಗೊಣಗುವವರು 1982ರ ಜೂನ್ 24ರ ರಾತ್ರಿಯನ್ನು ನೆನೆಯಬೇಕು. ಮುಂಬಯಿ, ಮದರಾಸು, ಕ್ವಾಲಾಲಂಪುರಗಳನ್ನು ಮುಟ್ಟಿ ಪರ್ತ್‌ನತ್ತ ಸಾಗಿದ್ದ ಬ್ರಿಟಿಷ್ ಏರ್‌ವೇಸ್‌ನ ಜಂಬೊ ವಿಮಾನ ಜಾವಾದ ಗಲುಂಗುಂಗ್ ಬೆಟ್ಟದ ಬೂದಿ ಮೋಡ ಹೊಕ್ಕಿತು. 37,000 ಅಡಿ ಎತ್ತರದಲ್ಲಿ ನಾಲ್ಕೂ ಎಂಜಿನ್ ಬಂದ್! ಜ್ವಾಲಾಮುಖಿಯ ಬೂದಿ ನಮ್ಮ ಒಲೆಯ ಬೂದಿಯಲ್ಲ, ಗಾಜಿನ ಮತ್ತು ಕಲ್ಲಿನ ಪುಡಿ. ಎಂಜಿನ್ ಒಳಗಿನ ಶಾಖಕ್ಕೆ ಅದು ಕರಗಿ ಅಲಗುಗಳಿಗೆ ಮೆತ್ತಿಕೊಳ್ಳುತ್ತದೆ. ವಿಮಾನ ತೇಲುತ್ತ ಇಳಿದು ಮೋಡದಿಂದ ಹೊರಬಂದಾಗ, ತಣಿದ ಗಾಜು ಒಡೆದು ಉದುರಿ, ಎಂಜಿನ್‌ಗಳು ಮತ್ತೆ ಹೊತ್ತಿಕೊಂಡವು. ಜಕಾರ್ತದಲ್ಲಿ ಇಳಿದಾಗ ಒಳಗಿದ್ದ 263 ಮಂದಿಯೂ ಕ್ಷೇಮ.

ದಾರಿ

ಬಾಲಿಯಲ್ಲಿ ರೈಲಿಲ್ಲ. ಮುಖ್ಯ ಪಟ್ಟಣ ಡೆನ್‌ಪಸಾರ್‌ನಿಂದ ಪಶ್ಚಿಮದ ಗಿಲಿಮಾನುಕ್ ಬಂದರಿಗೆ ಬಸ್ಸಿನಲ್ಲಿ ನಾಲ್ಕು ತಾಸು ಹಿಡಿದೀತು. ಅಲ್ಲಿ ಹಗಲೂ ರಾತ್ರಿ ಹಡಗುಗಳಿವೆ. ಸಿಗಂದೂರಿನ ಲಾಂಚ್ ಬಸ್ಸು ಕಾರುಗಳನ್ನು ಹೊತ್ತು ಹಿನ್ನೀರು ದಾಟುತ್ತಿದ್ದುದನ್ನು ಕಂಡವರಿಗೆ ಈ ಏರ್ಪಾಡು ಹೊಸದೆನಿಸದು. ಗಾತ್ರ ಮಾತ್ರ ದೊಡ್ಡದು. ಜಲಸಂಧಿ ದಾಟಲು ತಾಸು ಬೇಕು. ಆದರೆ ಜಾವಾದ ಗಡಿಯಾರ ಬಾಲಿಗಿಂತ ಒಂದು ತಾಸು ಹಿಂದೆ. ಹೀಗಾಗಿ ಹೊರಟ ಹೊತ್ತಿಗೇ ತಲುಪಿದಂತೆ! ಮರಳುವಾಗ ಎರಡು ತಾಸು ಕಳೆದುಹೋಗುವುದನ್ನು ಲೆಕ್ಕಕ್ಕೆ ಹಿಡಿಯದವರು ಬಸ್ಸು ತಪ್ಪಿಸಿಕೊಳ್ಳುತ್ತಾರೆ. ಈ ಜಲಸಂಧಿಯ ಸೆಳೆತ ಜೋರು. 2025ರ ಜುಲೈ 2ರ ರಾತ್ರಿ ಇಲ್ಲೇ ಹಡಗೊಂದು ಮುಳುಗಿ ಹಲವರು ಸತ್ತರು. ಹಗಲಿನಲ್ಲಿ ದಾಟುವುದು, ವಾಹನದಿಂದಿಳಿದು ಮೇಲಿನ ಅಟ್ಟದಲ್ಲಿ ಕೂರುವುದು, ತೇಲುಕವಚ ಎಲ್ಲಿದೆಯೆಂದು ನೋಡಿಟ್ಟುಕೊಳ್ಳುವುದು, ಈ ಮೂರನ್ನು ಮಕ್ಕಳಿಗೇ ವಹಿಸಬಹುದು.

ಆಚೆ ದಡ ಕೆತಾಪಾಂಗ್. ಬಂದರಿನಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ ರೈಲು ನಿಲ್ದಾಣ. ಅಲ್ಲಿಯ ಭಾಷೆಯಲ್ಲಿ ರೈಲಿಗೆ ‘ಕೆರೆತಾ ಆಪಿ’ ಎನ್ನುತ್ತಾರೆ, ಅಂದರೆ ಬೆಂಕಿಬಂಡಿ. ನಮ್ಮ ಅಜ್ಜಂದಿರ ಹೊಗೆಬಂಡಿಯ ಅಣ್ಣ ಅನ್ನಿ. ಜ್ವಾಲಾಮುಖಿಗೆ ‘ಗುನುಂಗ್ ಆಪಿ’, ಬೆಂಕಿಬೆಟ್ಟ.

ರೈಲೇರುವ ಮೊದಲು ಇಜೆನ್. ಹತ್ತಿರದ ಬನ್ಯುವಾಂಗಿ ಪಟ್ಟಣದಿಂದ ಬೆಟ್ಟದ ಬುಡಕ್ಕೆ ಜೀಪು ಹಂಚಿಕೊಳ್ಳಬಹುದು. ನಡುರಾತ್ರಿ ಮೂರು ಕಿ.ಮೀ. ಏರು ಹತ್ತಿದರೆ ನೀಲಿ ಜ್ವಾಲೆ ಕಾಣುತ್ತದೆ. ಇದು ನೀಲಿ ಲಾವಾ ಎಂದು ಎಷ್ಟೋ ಕಡೆ ಬರೆದಿದ್ದಾರೆ, ತಪ್ಪು. ಲಾವಾ ಹೊಳೆಯುವುದು ಕೆಂಪಗೇ. ಇಲ್ಲಿ ಉರಿಯುವುದು ಬಿರುಕುಗಳಿಂದ ನುಗ್ಗುವ ಗಂಧಕದ ಅನಿಲ. ಶಾಲೆಯ ಪ್ರಯೋಗಶಾಲೆಯಲ್ಲಿ ಚಮಚದಷ್ಟು ಗಂಧಕ ಉರಿಸಿದಾಗ ಕಾಣುವ ನೀಲಿಯೇ ಬೆಟ್ಟದ ಅಳತೆಯಲ್ಲಿ! ಬೆಳಕು ಹರಿದಾಗ ಕೆಳಗೆ ಹಸಿರು–ನೀಲಿ ಸರೋವರ. ಅದರ ಪಿಎಚ್ ಒಂದಕ್ಕಿಂತ ಕಡಿಮೆ, ಅಂದರೆ ಕಾರಿನ ಬ್ಯಾಟರಿಯ ಆಮ್ಲಕ್ಕೆ ಸಮೀಪ. ಆ ಹೊಗೆಯ ನಡುವಿನಿಂದ 70–80 ಕಿಲೋ ಗಂಧಕದ ಗಟ್ಟಿಗಳನ್ನು ಹೆಗಲ ಬುಟ್ಟಿಯಲ್ಲಿ ಹೊತ್ತು ಏರುವ ಕಾರ್ಮಿಕರಿದ್ದಾರೆ. ಅವರಿಗೆ ದಾರಿ ಬಿಟ್ಟು ನಿಲ್ಲುವುದು ಪ್ರವಾಸಿಗರ ಮೊದಲ ಕೆಲಸ.

ಗಂಧಕದ ಡೈಆಕ್ಸೈಡ್ ಗಂಟಲು, ಶ್ವಾಸಕೋಶಗಳನ್ನು ಸುಡುತ್ತದೆ. ಉಬ್ಬಸವಿರುವ ಮಗುವನ್ನು ಇಲ್ಲಿಗೆ ಕರೆದೊಯ್ಯಬಾರದು. ಮುಖವಾಡ ಕಟ್ಟಿದರೂ ಬೇಡ. ಮಗು ಎಷ್ಟು ಹಟ ಹಿಡಿದರೂ ತಂದೆತಾಯಿ ಗಟ್ಟಿಯಾಗಿರಬೇಕಾದ ಜಾಗವಿದು. 2024ರ ಏಪ್ರಿಲ್‌ನಲ್ಲಿ ಇಜೆನ್ ಅಂಚಿನಲ್ಲಿ ಚಿತ್ರಕ್ಕೆ ನಿಂತಿದ್ದ ಪ್ರವಾಸಿಯೊಬ್ಬರು ಹಿಂದಕ್ಕೆ ಹೆಜ್ಜೆಯಿಟ್ಟು ಜಾರಿಬಿದ್ದು ಸತ್ತದ್ದನ್ನೂ ಹೇಳಬೇಕು.

ಅಲ್ಲಿಂದ ಬೆಂಕಿಬಂಡಿಯಲ್ಲಿ ನಾಲ್ಕೈದು ತಾಸು, ಗದ್ದೆ, ಕಬ್ಬು, ಸುರಂಗಗಳ ನಡುವೆ, ಪ್ರೊಬೊಲಿಂಗೊ ಪಟ್ಟಣಕ್ಕೆ. ಮುಂದೆ ಬ್ರೊಮೊ ಬೆಟ್ಟದ ಅಂಚಿನ ಹಳ್ಳಿ ಚೆಮೊರೊ ಲಾವಾಂಗ್‌ಗೆ ವ್ಯಾನುಗಳಿವೆ. ಹೊರಡುವ ಸಮಯ? ತುಂಬಿದಾಗ. ನಮ್ಮ ಮ್ಯಾಕ್ಸಿಕ್ಯಾಬ್ ಕಂಡವರಿಗೆ ವಿವರಣೆ ಬೇಡ. ಮಧ್ಯಾಹ್ನದೊಳಗೆ ಅಲ್ಲಿದ್ದರೆ ಜೊತೆಗೆ ಜನ ಸಿಗುತ್ತಾರೆ. ಸಂಜೆಯಾದರೆ ಖಾಲಿ ಸೀಟುಗಳ ದುಡ್ಡೂ ತೆರಬೇಕು.

2,329 ಮೀಟರ್ ಎತ್ತರದ ಬ್ರೊಮೊ ನಿಂತಿರುವುದು ಸುಮಾರು ಹತ್ತು ಕಿ.ಮೀ. ಅಗಲದ ಹಳೆಯ ಕುಸಿದ ಬಾಯಿಯೊಳಗೆ. ಅದರ ತಳವೆಲ್ಲ ಬೂದು ಮರಳು. ಹೆಸರು ಬಂದದ್ದು ಬ್ರಹ್ಮನಿಂದ. ಹಿಂದೆ ಹೊಗೆಯಾಡುವ 3,676 ಮೀಟರಿನ ಸೆಮೇರು, ಸುಮೇರುವೇ. ಸುತ್ತಲಿನ ತೆಂಗೆರ್ ಜನ ಹಿಂದೂಗಳು. ಕಸಾದ ಹಬ್ಬದಲ್ಲಿ ಬ್ರೊಮೊದ ಬಾಯಿಗೆ ಕಾಯಿಪಲ್ಲೆ, ಕೋಳಿ ಅರ್ಪಿಸುತ್ತಾರೆ. ಉಷ್ಣವಲಯವೆಂದು ಬರೀ ಅಂಗಿಯಲ್ಲಿ ಹೋದವರು ಬೆಳಗಿನ ನಾಲ್ಕಕ್ಕೆ ಗಡಗಡ ನಡುಗುತ್ತಾರೆ. ಸಾವಿರ ಮೀಟರ್ ಏರಿದರೆ ಆರು ಡಿಗ್ರಿ ಇಳಿಯುತ್ತದೆ ಎಂಬ ಪಾಠ ನೆನಪಿದ್ದವರು ಸ್ವೆಟರ್ ಒಯ್ದಿರುತ್ತಾರೆ.

ಕಪ್ಪು ಮರಳು, ಬಿಳಿ ಮರಳು

ಬಂದ ದಾರಿಯಲ್ಲೇ ಬಾಲಿಗೆ ಮರಳಿ, ಗಿಲಿಮಾನುಕ್‌ನಿಂದ ಉತ್ತರ ತೀರದ ಬಸ್ಸು ಹಿಡಿದರೆ ಲೊವಿನಾ. ಅಲ್ಲಿ ಮರಳು ಕಪ್ಪು. ದಕ್ಷಿಣದ ನುಸಾ ದುವಾದಲ್ಲಿ ಬೆಳ್ಳಗೆ. ಒಂದೇ ದ್ವೀಪ, ಎರಡು ಬಣ್ಣ ಏಕೆ? ಮೊದಲನೆಯದು ಜ್ವಾಲಾಮುಖಿ ಶಿಲೆ ಸವೆದು ಬಂದದ್ದು. ಎರಡನೆಯದು ಹವಳ, ಚಿಪ್ಪುಗಳ ಪುಡಿ. ಮಕ್ಕಳ ಜೇಬಿನಲ್ಲೊಂದು ಆಯಸ್ಕಾಂತವಿದ್ದರೆ ಕಪ್ಪು ಮರಳಿನಲ್ಲಿ ಆಡಿಸಿ ನೋಡಲಿ. ಮ್ಯಾಗ್ನಟೈಟ್ ಕಣಗಳು ಮೀಸೆಯಂತೆ ಅಂಟಿಕೊಳ್ಳುತ್ತವೆ. ಬಿಳಿಯದಕ್ಕೆ ಏನೂ ಅಂಟದು. ನಡುಹಗಲಲ್ಲಿ ಕಪ್ಪು ಮರಳಿನ ಮೇಲೆ ಬರಿಗಾಲಲ್ಲಿ ನಡೆದರೆ, ಕಪ್ಪು ಬಣ್ಣ ಶಾಖ ಹೀರುತ್ತದೆ ಎಂಬ ಪಾಠ ಪಾದಕ್ಕೇ ಆಗುತ್ತದೆ. ಬಾಲಿಗೆ ಹೋಗಲಾಗದವರು ಕಾರವಾರದ ಬಳಿಯ ತಿಳಮಾತಿಗೆ ಹೋಗಬಹುದು. ಅಲ್ಲೂ ಎಳ್ಳಿನಂಥ ಕಪ್ಪು ಮರಳಿದೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪ ಮುಟ್ಟಿದರೆ ಪುರಾತನ ಲಾವಾ ತಣಿದು ಕಂಬಗಳಾದದ್ದನ್ನು ಕೈಯಿಂದಲೇ ಮುಟ್ಟಬಹುದು.

ಕೂಟಾ ತೀರದ ಅಲೆ ಆಟಕ್ಕೆ ಚೆಂದ, ಸೆಳೆತ ಮಾತ್ರ ಮೋಸದ್ದು. ಕೆಂಪು–ಹಳದಿ ಬಾವುಟಗಳ ನಡುವೆಯೇ ನೀರಿಗಿಳಿಯಬೇಕು. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಮೊದಲು ಅದರಿಂದ ಹೊರಬರಬೇಕು.

ಯಾವಾಗ ಹೋಗುವುದು? ಈ ದ್ವೀಪಗಳು ಭೂಮಧ್ಯರೇಖೆಯಿಂದ ಎಂಟು ಡಿಗ್ರಿ ದಕ್ಷಿಣಕ್ಕಿವೆ. ಮೇಯಿಂದ ಅಕ್ಟೋಬರ್‌ವರೆಗೆ ಅಲ್ಲಿ ಒಣ ಹವೆ. ನಮ್ಮ ಬೇಸಿಗೆ ರಜೆಯ ಕೊನೆಯ ಭಾಗ ಮತ್ತು ದಸರಾ ರಜೆ ಎರಡೂ ಒಪ್ಪುತ್ತವೆ. ಡಿಸೆಂಬರ್–ಜನವರಿ ಜೋರು ಮಳೆಗಾಲ. ಮಳೆನೀರು ಸಡಿಲ ಬೂದಿಯನ್ನು ಕೊಚ್ಚಿ ಕಣಿವೆಗಳಿಗೆ ಕೆಸರಿನ ಪ್ರವಾಹ ತರುತ್ತದೆ. ರಂಜಾನ್ ಹಬ್ಬದ ಹಿಂದುಮುಂದು ಜಾವಾದ ರೈಲುಗಳಲ್ಲಿ ಕಾಲಿಡಲು ಜಾಗವಿಲ್ಲ. ಇನ್ನೊಂದು ದಿನ ನಮ್ಮವರು ಮರೆಯುವಂಥದ್ದಲ್ಲ: ಬಾಲಿಯ ಶಕ ವರ್ಷದ ಹೊಸ ವರ್ಷ ‘ನ್ಯೆಪಿ’. 2023ರಲ್ಲಿ ಅದೂ ನಮ್ಮ ಯುಗಾದಿಯೂ ಒಂದೇ ದಿನ, ಮಾರ್ಚ್ 22ರಂದು ಬಂದಿದ್ದವು. ಆ ಇಡೀ ದಿನ ಬಾಲಿ ಮೌನ; ವಿಮಾನ ನಿಲ್ದಾಣ, ಬಂದರು ಎಲ್ಲ ಬಂದ್, ಪ್ರವಾಸಿಗರೂ ಹೋಟೆಲು ಬಿಟ್ಟು ಬರುವಂತಿಲ್ಲ.

ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಆಯುಷ್ಯವಿರಲಿ. ಸಸ್ಯಾಹಾರಿಗಳಿಗೆ ಸೋಯಾದ ತೆಂಪೆ, ತೌಹು ಎಲ್ಲೆಲ್ಲೂ ಸಿಗುತ್ತವೆ, ಆದರೆ ಚಟ್ನಿಯಲ್ಲಿ ಸೀಗಡಿ ಇರುತ್ತದೆ. ‘ತನ್ಪಾ ತೆರಾಸಿ’ ಎಂದು ಹೇಳಿ ತಿನ್ನಬೇಕು.

ಕೊನೆಯ ರಾತ್ರಿ ವಿಮಾನ ನಿಲ್ದಾಣಕ್ಕೆ ಹತ್ತಿರದ ಸಾನೂರ್‌ನಲ್ಲಿ ಉಳಿಯುವುದು ಅನುಕೂಲ. ಮೋಡವಿಲ್ಲದ ಬೆಳಗಿನಲ್ಲಿ ಅಲ್ಲಿಯ ತೀರದಿಂದಲೇ ಅಗುಂಗ್ ಬೆಟ್ಟ ಕಾಣುತ್ತದೆ. ತುದಿಯಲ್ಲಿ ಹೊಗೆ ಇದೆಯೇ ಎಂದು ನೋಡಿಕೊಂಡು ಆಮೇಲೆ ಚೀಲ ಕಟ್ಟಬಹುದು.