ಹಸಿರು ರಕ್ತದ ಆಟ

ಸಂಜೆಯಾದರೆ ಬೆಂಗಳೂರಿನ ಪುಲಿಕೇಶಿನಗರದ ಕೋಲ್ಸ್ ಪಾರ್ಕಿನ ಬೆಂಚಿನ ಮೇಲೆ ನಾಲ್ಕು ಹುಡುಗರು ಕತ್ತು ಬಗ್ಗಿಸಿ ಕೂತಿರುತ್ತಾರೆ. ಕೈಯಲ್ಲಿ ಮೊಬೈಲು, ಬಾಯಲ್ಲಿ ಕನ್ನಡ, ದಖನಿ, ತಮಿಳು ಕಲಸಿದ ಮಾತು. ನಡೆಯುತ್ತಿರುವುದು ಬಿಜಿಎಂಐ ಎಂಬ ಗುಂಡಿನ ಕಾಳಗದ ಆಟ. ಹಳೇ ಪಬ್ಜಿಯೇ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಅದೂ ಒಂದು. ಮರುವರ್ಷ ಹೆಸರು ಬದಲಿಸಿಕೊಂಡು ಬಂದಾಗ ರಕ್ತ ಹಸಿರಾಗಿತ್ತು. ಹೊಡೆತ ಅದೇ. ನೀತಿಯ ಹೆಸರಲ್ಲಿ ಬಣ್ಣ ಬಳಿಯುವುದು ಅಂದರೆ ಅಕ್ಷರಶಃ ಇದೇ.

ನಿಷೇಧವಾದ ಎರಡೇ ದಿನಕ್ಕೆ ಬೆಂಗಳೂರಿನ ಎನ್‌ಕೋರ್ ಗೇಮ್ಸ್‌ನ 'ಫೌಜಿ' ಆಟವನ್ನು ನಟ ಅಕ್ಷಯ್ ಕುಮಾರ್ ಘೋಷಿಸಿದರು. 2021ರ ಗಣರಾಜ್ಯೋತ್ಸವಕ್ಕೆ ಆಟ ಕೈಗೆ ಬಂತು. ಕಥೆ ಗಾಲ್ವನ್ ಕಣಿವೆಯದು. ಅಲ್ಲಿ 2020ರ ಜೂನ್ 15ರ ರಾತ್ರಿ ಚೀನಾ ಸೇನೆಯೊಂದಿಗಿನ ಘರ್ಷಣೆಯಲ್ಲಿ ನಮ್ಮ 20 ಯೋಧರು ಪ್ರಾಣ ಕಳೆದುಕೊಂಡಿದ್ದರು. ಗಡಿರೇಖೆಯ ಬಳಿ ಗುಂಡು ಹಾರಿಸಬಾರದೆಂದು ಎರಡೂ ದೇಶಗಳು 1996ರಲ್ಲೇ ಒಪ್ಪಿದ್ದವು. ಹಾಗಾಗಿ ಅದು ಕಲ್ಲು, ದೊಣ್ಣೆಗಳ ಕಾಳಗ. ಆಟದಲ್ಲೂ ಮೊದಲಿಗೆ ಬಂದೂಕಿರಲಿಲ್ಲ. ಪಬ್ಜಿ ಆಡಿ ಪಳಗಿದ ಬೆರಳುಗಳಿಗೆ ಸಪ್ಪೆ ಅನ್ನಿಸಿತು. ವಿಚಿತ್ರ ನೋಡಿ, ಎರಡು ಸೇನೆಗಳ ಬಂದೂಕನ್ನು ಕೆಳಗಿಳಿಸಿಟ್ಟ ಒಪ್ಪಂದ, ಅಂದರೆ ಇಡೀ ರಾಜಕೀಯದ ತಿರುಳು, ಆಡುವವನ ಕಣ್ಣಿಗೆ ಬರೀ ಆಯುಧದ ಕೊರತೆ.

ಆಟ ಆಡಿದವರು ಹಿಂಸೆಗಿಳಿಯುತ್ತಾರೆಯೇ ಎಂಬ ಹಳೇ ಜಗಳ ನನಗೆ ಬೇಡ. ಆಟ ಏನು ಮಾಡಲು ಬಿಡುತ್ತದೆ, ಏನನ್ನು ಬಿಡುವುದಿಲ್ಲ ಅನ್ನುವುದರಲ್ಲೇ ಅದರ ನೀತಿ ಇದೆ. ಪೋಲೆಂಡಿನ 'ದಿಸ್ ವಾರ್ ಆಫ್ ಮೈನ್' (2014) ಆಟದಲ್ಲಿ ನೀವು ಯೋಧರಲ್ಲ, ಮುತ್ತಿಗೆಗೆ ಸಿಕ್ಕ ಊರಿನ ಜನ. ಹೊಟ್ಟೆಗಿಲ್ಲದೆ ಮುದಿ ದಂಪತಿಯ ಮನೆಗೆ ನುಗ್ಗಿ ಕದಿಯಬಹುದು. ಯಾರೂ ಬೈಯುವುದಿಲ್ಲ. ಕದ್ದು ತಂದವನು ಮಾತ್ರ ಮಂಕಾಗಿ ಕೂತುಬಿಡುತ್ತಾನೆ. ಇದನ್ನು ಶಾಲಾ ಮಕ್ಕಳ ಓದಿನ ಪಟ್ಟಿಗೆ ಸೇರಿಸುವುದಾಗಿ ಅಲ್ಲಿನ ಸರ್ಕಾರ 2020ರಲ್ಲಿ ಹೇಳಿತು.

ಅದೇ ವರ್ಷ ಆಗಸ್ಟ್ 11ರ ರಾತ್ರಿ, ಫೇಸ್‌ಬುಕ್ ಪೋಸ್ಟೊಂದರಿಂದ ಹೊತ್ತಿದ ಸಿಟ್ಟಿಗೆ ನಮ್ಮದೇ ಕ್ಷೇತ್ರದ ಶಾಸಕರ ಮನೆ, ಡಿ.ಜೆ. ಹಳ್ಳಿಯ ಪೊಲೀಸ್ ಠಾಣೆ ತುತ್ತಾದವು. ಗೋಲಿಬಾರ್ ಆಯಿತು, ಜೀವಗಳು ಹೋದವು. ಆ ಗದ್ದಲದಲ್ಲೇ ಮುಸ್ಲಿಂ ಯುವಕರು ದೇವಸ್ಥಾನವೊಂದಕ್ಕೆ ಕೈ ಕೈ ಹಿಡಿದು ಕಾವಲು ನಿಂತರು. ಇಂಥ ಸರಪಳಿ ಕಟ್ಟುವ ಬಟನ್ ಯಾವ ಆಟದಲ್ಲೂ ನಾನು ಕಂಡಿಲ್ಲ.

ಬೆಂಚಿನ ಹುಡುಗರಿಗೆ ಇದನ್ನು ಹೇಳಿದೆ. ಆಗ ಅವರೆಲ್ಲ ಪ್ರೈಮರಿ ಶಾಲೆಯವರು.

"ಗೊತ್ತು ಅಂಕಲ್," ಅಂದ ಒಬ್ಬ, ಸ್ಕ್ರೀನಿನಿಂದ ಕಣ್ಣೆತ್ತದೆ. "ಅವತ್ತು ಅಮ್ಮಿ ಲೈಟ್ ಆರಿಸಿ, ನಮ್ಮನ್ನ ಮಂಚದ ಕೆಳಗೆ ಮಲಗಿಸಿದ್ರು."